ಮೂಲಹನಿ

ಚಮಚ ಮೂರನೆಯ ಸಲವೂ ಹಸಿರನ್ನೇ ತೋರಿಸಿತು.

ಹುಬ್ಬಳ್ಳಿಯ ದವಾಖಾನೆಯೊಂದರ ಹೆಂಗಸರ ವಾರ್ಡು. ಕಿಟಕಿ ಪಕ್ಕದ ಮಂಚದ ಮೇಲೆ ಕಸ್ತೂರಿ ವೈನಿ ಕಾಲು ಇಳಿಬಿಟ್ಟು ಕೂತಿದ್ದಳು. ಅತ್ತಿಗೆಯ ಬಾಯಿಂದ ತೆಗೆದ ಪ್ಲಾಸ್ಟಿಕ್ ಚಮಚವನ್ನು ಡಾ. ಮಂದಾಕಿನಿ ಅಂಗೈಯಗಲದ ಬಿಳಿ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಿ ಕಾದಿದ್ದಳು. ಪೆಟ್ಟಿಗೆ ಸ್ವಲ್ಪ ಹೊತ್ತು ಗುನುಗಿ, ಹೆಸರುಕಾಳಿನಷ್ಟು ದೀಪ ಹೊತ್ತಿಸಿತು. ಹಸಿರು. ಈ ಹೆಂಗಸಿಗೆ ಏನೂ ಇಲ್ಲ, ಮನೆಗೆ ಕಳಿಸಿ.

ಹಾಸಿಗೆಯ ಮೇಲೆ ಬಿದ್ದಿದ್ದ ಸ್ಕ್ಯಾನಿಂಗ್ ಚಿತ್ರ ಬೇರೆ ಮಾತು ಹೇಳುತ್ತಿತ್ತು. ವೈನಿಯ ಎಡಗಡೆಯ ಮೂತ್ರಪಿಂಡ ಒಣ ಅಂಜೂರದ ಹಾಗೆ ಸುರುಟಿಕೊಂಡು ಸತ್ತು ಎಷ್ಟು ಕಾಲವಾಗಿತ್ತೋ. ಬಲಗಡೆಯದು ಊದಿಕೊಂಡಿತ್ತು. ಎರಡಕ್ಕೂ ಕಾರಣ ಒಂದೇ. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು, ಬಳ್ಳಿ ಬೇಲಿಯನ್ನು ಸುತ್ತಿದಂತೆ ಮೂತ್ರನಾಳವನ್ನು ಸುತ್ತಿ ಬಿಗಿದಿತ್ತು. ಎಂಡೊಮೆಟ್ರಿಯೋಸಿಸ್. ಹೊರಗೆ ಬೆಳೆದ ಅದೂ ತಿಂಗಳು ತಿಂಗಳು ರಕ್ತ ಒಸರುತ್ತದೆ, ಹೋಗಲು ದಾರಿಯಿಲ್ಲದೆ ಒಳಗೇ ಗಂಟು ಕಟ್ಟುತ್ತದೆ. ಎಷ್ಟೋ ಹೆಂಗಸರನ್ನು ನೋವಿನಿಂದ ನೆಲಕ್ಕೆ ಕೆಡವುತ್ತದೆ. ಕೆಲವರಲ್ಲಿ ಮಾತ್ರ ಸದ್ದಿಲ್ಲದೆ ಕೆಲಸ ಮುಗಿಸುತ್ತದೆ. ಆ ಕೆಲವರನ್ನು ಹೊತ್ತು ಮೀರುವ ಮುಂಚೆ ಗುರುತಿಸಬೇಕೆಂದೇ ಮಂದಾಕಿನಿ ತನ್ನ ಹರೆಯದ ವರ್ಷಗಳನ್ನೆಲ್ಲ ಸುರಿದು ಈ ಚಮಚ ಕಟ್ಟಿದ್ದಳು.

"ಏನಂತಾನ ನಿನ್ನ ಮಗ?" ವೈನಿ ಕೇಳಿದಳು. ಮದುವೆಯಾಗದ ನಾದಿನಿಯ ಪೆಟ್ಟಿಗೆಯನ್ನು ಅವಳು ಮಗ ಎಂದೇ ಕರೆಯುತ್ತಿದ್ದಳು.

"ಹಸಿರು ಅಂತಾನ."

"ಮತ್ತ ಆತಲ್ಲ. ನಡಿ, ಮನಿಗೆ ಹೋಗೂಣು. ಮಗ್ಗದ ಮ್ಯಾಲ ಅರ್ಧ ಸೀರಿ ಉಳದೈತಿ."

ಬಾಗಿಲಿಗೆ ಒರಗಿದ್ದ ವೈನಿಯ ಗಂಡ ಬನಪ್ಪ ತಂಗಿಯ ಮುಖ ನೋಡಿದ. "ಹಸಿರು ಅಂದ ಮ್ಯಾಲ ಆಪರೇಶನ್ ಯಾಕಬೇಕು ಮಂದಾ? ನಿನ್ನ ಮಷೀನ್ ಸುಳ್ಳೋ, ಈ ಡಾಕ್ಟರ್ ಸುಳ್ಳೋ?"

ಯಾವುದು ಸುಳ್ಳೆಂಬುದು ಮಂದಾಕಿನಿಗೆ ಎರಡನೆಯ ಸಲ ಹಸಿರು ಬಂದಾಗಲೇ ತಿಳಿದುಹೋಗಿತ್ತು. ಮೂರನೆಯ ಸಲ ಹಾಕಿದ್ದು, ತಿಳಿದದ್ದು ತಪ್ಪಾಗಿರಲಿ ಎಂಬ ಆಸೆಯಿಂದ.

"ಆಪರೇಶನ್ ಆಗಬೇಕಣ್ಣ. ಬಲಗಡಿದಾದರೂ ಉಳಿಬೇಕಲ್ಲ," ಎಂದಷ್ಟೇ ಹೇಳಿ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿ ಹೊರಬಿದ್ದಳು.

ಧಾರವಾಡದ ಬಸ್ಸಿನಲ್ಲಿ ಆ ಪೆಟ್ಟಿಗೆ ಅವಳ ತೊಡೆಯ ಮೇಲಿತ್ತು. ಸರ್ಕಾರ ಅದಕ್ಕೆ ದೊಡ್ಡದೊಂದು ಸಂಸ್ಕೃತದ ಹೆಸರಿಟ್ಟಿತ್ತು. ಹೆಂಗಸರು ಅದನ್ನು ಉಗುಳು ಚಮಚ ಎಂದರು. ಹೊರಗೆ ಬೆಳೆದ ಅಂಗಾಂಶ ತನ್ನ ಗುರುತಿನ ಸಣ್ಣ ಸಣ್ಣ ಚೂರುಗಳನ್ನು ರಕ್ತಕ್ಕೆ ಬಿಡುತ್ತದೆ. ಅವು ಬಾಯಿಯ ಜೊಲ್ಲಿಗೂ ಬರುತ್ತವೆ. ಚಮಚಕ್ಕೆ ಅಂಟಿದ ಜೊಲ್ಲನ್ನು ಪೆಟ್ಟಿಗೆ ತನ್ನೊಳಗೆ ಮುಚ್ಚಿಟ್ಟ ಒಂದು ಹನಿಯ ಜೊತೆ ಹೋಲಿಸಿ ನೋಡುತ್ತದೆ. ಆ ಹನಿ ಆರೋಗ್ಯವಂತ ಹೆಂಗಸೊಬ್ಬಳದು. ಅವಳಿಗಿಂತ ಹೆಚ್ಚಿನದೇನಾದರೂ ಕಂಡರೆ ಕೆಂಪು, ಇಲ್ಲದಿದ್ದರೆ ಹಸಿರು. ಹಲವರ ಜೊಲ್ಲು ಬೆರೆಸಿದರೆ ಹೋಲಿಕೆ ಮಸುಕಾಗುತ್ತದೆಂದು ಒಬ್ಬಳದನ್ನೇ ಆರಿಸಿ, ಪ್ರಯೋಗಾಲಯದಲ್ಲಿ ಅದರ ಪ್ರತಿಗಳನ್ನು ಬೆಳೆಸಿ, ಪೆಟ್ಟಿಗೆಗೊಂದರಂತೆ ಇಟ್ಟಿದ್ದರು. ಪ್ರಯೋಗಾಲಯದವರ ಬಾಯಲ್ಲಿ ಅದು ಮೂಲಹನಿ.

ವರ್ಷದಿಂದ ಮೂರು ತಾಲ್ಲೂಕುಗಳಲ್ಲಿ ಚಮಚ ಓಡಾಡಿತ್ತು. ಕೆಂಪು ಬಂದವರಿಗೆ ಚಿಕಿತ್ಸೆ ಸಿಕ್ಕಿತು, ಅದು ನಿಜ. ಹಸಿರು ಬಂದವರ ಗತಿ ಮಾತ್ರ ಯಾರೂ ಎಣಿಸದಂತಾಯಿತು. ಹೊಟ್ಟೆ ಹಿಡಿದು ಕೂತ ಬಿಸಿಯೂಟದ ಅಡುಗೆಯಾಕೆಗೆ ಹೆಡ್‌ಮಾಸ್ತರು, "ನಿಂದು ಹಸಿರಲ್ಲೇನು, ಮತ್ತ ಯಾಕ ನಾಟಕ?" ಎಂದರು. ಹೆಣ್ಣಿನ ಮಾತನ್ನು ನಂಬದಿರಲು ಈ ನಾಡಿಗೆ ಸಾವಿರ ನೆಪಗಳಿದ್ದವು. ಮಂದಾಕಿನಿ ಸಾವಿರದೊಂದನೆಯದನ್ನು ಬ್ಯಾಟರಿ ಹಾಕಿ ಕೊಟ್ಟಿದ್ದಳು.

ಬರುವ ಸೋಮವಾರ ಮಂತ್ರಿಗಳು ಗುಂಡಿ ಒತ್ತುವವರಿದ್ದರು. ಅಲ್ಲಿಂದಾಚೆಗೆ ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಚಮಚದ ಮಾತೇ ಮಾತು.

ಪ್ರಯೋಗಾಲಯದಲ್ಲಿ ತಂತ್ರಜ್ಞೆ ರುಕ್ಸಾನಾ ಒಬ್ಬಳೇ ಇದ್ದಳು. ಮಂದಾಕಿನಿ ನಡೆದದ್ದನ್ನು ಹೇಳಿದಳು. ರುಕ್ಸಾನಾ ಕೈಗವಸು ತೆಗೆದಿಟ್ಟು ಕುರ್ಚಿಯ ಮೇಲೆ ಕುಕ್ಕರಿಸಿದಳು.

"ಮೇಡಂ, ನಿಮ್ಮ ವೈನೀದೇ ಅಲ್ಲೇನ್ರಿ ಮೂಲಹನಿ?"

"ಹೌದು."

"ಅಂದ್ರ ಅವರನ್ನ ಅವರ ಜೋಡಿನೇ ಹೋಲಿಸೇತಿ ಪೆಟಿಗಿ. ಹಸಿರು ಬರದಽ ಏನ್ ಮಾಡೀತು?"

ಅಷ್ಟೇ ವಿಷಯ. ಕಿರಾಣಿ ಅಂಗಡಿಯವನು ತಕ್ಕಡಿಯ ತಟ್ಟೆಯ ಅಡಿಗೆ ಕಲ್ಲು ಅಂಟಿಸಿ ಮುಳ್ಳನ್ನು ಸೊನ್ನೆಗೆ ತಂದಿಟ್ಟಂತೆ, ರೋಗವನ್ನೇ ಸೊನ್ನೆ ಮಾಡಿ ಆಗಿತ್ತು. ವೈನಿಯ ಹಾಗೆ ಒಳಗೊಳಗೇ ಸವೆಯುತ್ತಿದ್ದ ಹೆಂಗಸರೆಲ್ಲ ಆ ಸೊನ್ನೆಯಲ್ಲಿ ಮುಳುಗಿಹೋಗಿದ್ದರು. ಕೆಂಪು ಬಂದವರು ಯಾರು? ಈ ಚಮಚವಿಲ್ಲದಿದ್ದರೂ ಕೂಗಿ ಕರೆದು ಡಾಕ್ಟರ ಬಾಗಿಲು ತಟ್ಟುತ್ತಿದ್ದವರು. ಸದ್ದಿಲ್ಲದವರಿಗೆಂದು ಮಾಡಿದ ಯಂತ್ರ ಸದ್ದಿಲ್ಲದವರನ್ನೇ ಹೊರಗೆ ಹಾಕಿತ್ತು.

"ಮಾದರಿ ಕೊಟ್ಟ ನಲವತ್ತು ಮಂದಿದೊಳಗ ಇವರದನ್ನೇ ಯಾಕ ಆರಿಸಿದಿವ್ರಿ ನಾವು?" ರುಕ್ಸಾನಾ ಗೊಣಗಿದಳು. "ಅಷ್ಟು ಶಾಂತ ಇತ್ತು ಅಂತ ಅಲ್ಲೇನು? ಇಂಥಾ ಬೇನೆ ಇದ್ದಾಕಿ ಜೊಲ್ಲು ಅಷ್ಟು ಶಾಂತ ಹೆಂಗ ಇತ್ತು?"

ಮಂದಾಕಿನಿ ಕಿಟಕಿಯ ಕಡೆ ತಿರುಗಿದಳು. ಅದಕ್ಕೂ ಉತ್ತರ ಅವಳ ಹತ್ತಿರವಿತ್ತು. ಬಸ್ಸಿನಲ್ಲಿ ನವಲೂರು ದಾಟುವಾಗಲೇ ನೆನಪಾಗಿತ್ತು.

ಅದು ನವರಾತ್ರಿ. ಬೆಟಗೇರಿಯ ನೇಕಾರರ ಓಣಿಯ ಮನೆಗೆ ರಜೆಗೆ ಹೋದವಳು ಮಾದರಿ ಸಂಗ್ರಹಿಸುವ ಬಾಟಲಿಗಳನ್ನೂ ಒಯ್ದಿದ್ದಳು. ದೇವರ ಮನೆಯಲ್ಲಿ ದೇವಿಯ ಕಲಶವಿಟ್ಟು ಘಟ್ಟ ಕೂಡಿಸಿದ್ದರು. ಒಂಬತ್ತು ದಿನ ದೀಪ ಆರಬಾರದು, ದೀಪಕ್ಕೆ ಎಣ್ಣೆ ಹಾಕುವಾಕೆ ಮುಟ್ಟಾಗಬಾರದು. ದೀಪದ ಕೆಲಸ ಎಂದೂ ಕಸ್ತೂರಿ ವೈನಿಯದೇ. ಓಣಿಯಲ್ಲಿ ಅವಳ ಭಕ್ತಿಯೇ ಭಕ್ತಿ. ಯಾರ ಮನೆಯ ಹರಕೆಯಿರಲಿ, ಯಾರ ಮನೆಯ ಪೂಜೆಯಿರಲಿ, ವೈನಿ ಮುಂದು. ಮಕ್ಕಳಿಲ್ಲದವಳೆಂದು ತೊಟ್ಟಿಲ ಹತ್ತಿರ ಬಿಟ್ಟುಕೊಳ್ಳದ ಅದೇ ಮಂದಿ ದೀಪದ ಹತ್ತಿರ ಕೈಹಿಡಿದು ಕರೆಯುತ್ತಿದ್ದರು. ದೇವರ ಕೆಲಸಕ್ಕೆ ಬಂಜೆಯಾದರೂ ನಡೆಯುತ್ತದೆ, ಮುಟ್ಟಾದವಳು ನಡೆಯುವುದಿಲ್ಲ. ಎಂಥ ಲೆಕ್ಕಾಚಾರದ ದೇವರು ನೋಡಿ.

ಅಡುಗೆಮನೆಯಲ್ಲಿ ಅವ್ವ ಗೌರವ್ವ ಹೂರಣ ರುಬ್ಬುತ್ತಿದ್ದಳು. ಅವಳೆದುರಿಗೇ ಮಂದಾಕಿನಿ ವೈನಿಯನ್ನು ಕೇಳಿದ್ದಳು, "ವೈನಿ, ತಿಂಗಳ ದಿನದಾಗ ನೋವು ಗೀವು ಐತೇನು?"

ವೈನಿ ಅತ್ತೆಯ ಕಡೆ ಒಮ್ಮೆ ನೋಡಿದಳು. ಅವಳು ಬಾಯಿ ತೆರೆಯುವ ಮೊದಲೇ ಗೌರವ್ವ, "ನಮ್ಮ ಕಸ್ತೂರಿಗೆ ಏನ್ ನೋವು? ಕಲ್ಲಿನಂಗ ಅದಾಳ," ಎಂದಳು.

"ಏನಿಲ್ಲ ಬಿಡು," ಎಂದಳು ವೈನಿ.

"ಔಷಧ ಏನರ ತಗೋತೀರೇನು?"

"ನಾ ಎಲ್ಲಿ ಔಷಧ ತಗೊಂಡೇನಿ?"

ಬಾಟಲಿಗೆ ಉಗುಳುವ ಮುಂಚೆ ಒಪ್ಪಿಗೆಯ ಮಾತುಗಳನ್ನು ಪುಸ್ತಕದ ಭಾಷೆಯಲ್ಲಿ ಓದಿ ಹೇಳಬೇಕಿತ್ತು. ನಿಮ್ಮ ಮಾದರಿಯನ್ನು ನೀವು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ಓದಿದಾಗ ವೈನಿ ಸೆರಗು ಬಾಯಿಗೆ ಒತ್ತಿ ನಕ್ಕಿದ್ದಳು. "ಉಗುಳಿದ್ದನ್ನ ತಿರುಗಿ ಯಾರು ಇಸಕೋತಾರ ನನವ್ವಾ?"

ಮೂವರೂ ನಕ್ಕಿದ್ದರು. ಅವರು ನಗುವಾಗ ದೇವರ ಮನೆಯ ಮಾಡದಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ಅರ್ಧ ಖಾಲಿಯಾದ ಗುಳಿಗೆಯ ಹಾಳೆ ಇತ್ತು. ಮುಟ್ಟು ಮುಂದೆ ಹಾಕುವ ಗುಳಿಗೆ. ಅದರಲ್ಲಿದ್ದ ಹಾರ್ಮೋನೇ ಈ ಬೇನೆಗೆ ಕೊಡುವ ಮದ್ದು, ಹೊರಗೆ ಬೆಳೆದದ್ದನ್ನು ಮಲಗಿಸುವ ಮದ್ದು. ಎಂಬಿಬಿಎಸ್ ಓದಿದ ಮಂದಾಕಿನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಪಾಠ ಓದಿದ ತಲೆಯೇ ಬೇರೆ, ಆ ಮನೆಯಲ್ಲಿ ಹುಟ್ಟಿದ ತಲೆಯೇ ಬೇರೆ. ದೇವರ ಮಾಡದಲ್ಲಿದ್ದದ್ದು ಕುಂಕುಮ, ಕರ್ಪೂರ, ಗುಳಿಗೆ. ಪೂಜೆಯ ಸಾಮಾನು. ಅದನ್ನು ಔಷಧವೆಂದು ವೈನಿ ಅನ್ನಲಿಲ್ಲ, ಡಾಕ್ಟರಿಗೂ ಹೊಳೆಯಲಿಲ್ಲ. ಗುಳಿಗೆ ಬೇನೆಯ ಗದ್ದಲವನ್ನು ಮಲಗಿಸಿತ್ತು, ಬೇನೆಯ ಗುರುತು ಮಾತ್ರ ಹನಿಯಲ್ಲಿ ಹಾಗೇ ಉಳಿದಿತ್ತು.

ಆ ಹಾಳೆಯನ್ನು ಗದಗಿನ ಅಂಗಡಿಯಿಂದ ತಂದು ಮಾಡದಲ್ಲಿ ಇಟ್ಟವಳೂ ಮಂದಾಕಿನಿಯೇ. ಮೊದಲ ವರ್ಷದ ವಿದ್ಯಾರ್ಥಿನಿಯಾಗಿದ್ದಾಗಿನಿಂದ ಪ್ರತಿ ಹಬ್ಬಕ್ಕೂ ತರುತ್ತಿದ್ದಳು. "ನಮ್ಮ ಮಂದಾ ಡಾಕ್ಟರ್ ಆಗಾಕಿ, ಆಕಿಗೆ ತಿಳೀತೈತಿ," ಎಂದು ಅವ್ವ ಓಣಿಗೆಲ್ಲ ಹೇಳಿದ್ದಳು.

ಸಂಸ್ಥೆಯ ನಿರ್ದೇಶಕ ಇನಾಂದಾರರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಚಹಾ ತರಿಸಿದರು. ಬೇರೆ ಮಾದರಿಯನ್ನು ಸೊನ್ನೆ ಮಾಡಿಕೊಂಡು ಹಳೆಯ ಜೊಲ್ಲುಗಳನ್ನು ಮತ್ತೆ ಓದಿಸಿದ ಫಲಿತಾಂಶವನ್ನು ಅವರ ಮುಂದಿನ ಪರದೆಯ ಮೇಲೆ ಮಂದಾಕಿನಿ ಬಿಚ್ಚಿಟ್ಟಳು. ಹಸಿರಾಗಿದ್ದ ನಕ್ಷೆಯ ತುಂಬ ಮೆಣಸಿನಕಾಯಿ ಹರವಿದಂತೆ ಕೆಂಪು.

"ಇಷ್ಟು ಮಂದಿನ್ನ ಎಲ್ಲೆ ಮಲಗಸೋಣ್ರಿ ಡಾಕ್ಟರ?" ಎಂದರು ಅವರು. "ಅಷ್ಟು ಹಾಸಿಗಿ ಎಲ್ಲೆ ಅವ? ಇವರೊಳಗ ಎಷ್ಟೋ ಮಂದಿಗೆ ಸಾಯೋ ತನಕ ಏನೂ ಆಗಲಿಕ್ಕಿಲ್ಲ. ಆರಾಮ ಇದ್ದೇನಿ ಅಂತ ಕೂತಾಕಿನ್ನ ಎಬ್ಬಿಸಿ ನಿನಗ ರೋಗ ಅದ ಅಂತ ಹೇಳೋದ್ರಾಗ ಏನ್ ಪುಣ್ಯ ಅದ?"

ಆ ಮಾತನ್ನು ತಳ್ಳಿಹಾಕುವುದು ಸುಲಭವಿರಲಿಲ್ಲ. ಅವಳೇ ಎಷ್ಟೋ ಸಲ ಅದನ್ನು ತನಗೆ ತಾನು ಕೇಳಿಕೊಂಡಿದ್ದಳು.

"ಹೇಳೋದು ಬಿಡೋದು ಆಮೇಲಿನ ಮಾತು ಸರ್. ಈಗ ನಾವು ನಿನಗ ಏನೂ ಇಲ್ಲ ಅಂತ ಹೇಳಿ ಕಳಸಾಕತ್ತೇವಿ. ಅದು ಸುಳ್ಳು."

"ಸುಳ್ಳಲ್ಲ, ಕೊರತೆ. ಎರಡನೇ ಹಂತದಾಗ ತಿದ್ದೋಣು." ಇನಾಂದಾರರು ಕಪ್ಪು ಕೆಳಗಿಟ್ಟರು. "ಈಗ ನೀವು ಬಾಯಿ ತಗದ್ರ ಏನಾಗ್ತದ ನೋಡ್ರಿ. ಮನಿ ಮಂದಿನ್ನ ಮಾದರಿ ಮಾಡಿದ್ರಿ, ಗುಳಿಗಿ ವಿಷಯ ಮುಚ್ಚಿದ್ರಿ ಅಂತಾರ. ನಿಮ್ಮ ಕೆಲಸ ಹೋಗ್ತದ. ಯಂತ್ರ ನಿಲ್ಲೂದಿಲ್ಲ. ಸೋಮವಾರ ಗುಂಡಿ ಒತ್ತೇ ಒತ್ತತಾರ. ಅದನ್ನ ನಿಲ್ಲಸೋ ಅಧಿಕಾರ ನನಗೂ ಇಲ್ಲ, ನಿಮಗೂ ಇಲ್ಲ."

ಅವರು ಹೇಳಿದ್ದು ನಿಜ. ಇಬ್ಬರಿಗೂ ಇರಲಿಲ್ಲ. ಇದ್ದದ್ದು ಒಬ್ಬಳಿಗೆ ಮಾತ್ರ. ದೇಹದ ದ್ರವ್ಯ ಕೊಟ್ಟವರು ಬೇಡವೆಂದರೆ ಅದರ ಪ್ರತಿಗಳನ್ನೆಲ್ಲ ಆ ಕ್ಷಣವೇ ನಾಶಮಾಡಬೇಕೆಂದು ಕಾಯಿದೆಯಿತ್ತು. ಅದಕ್ಕಾಗಿ ಪ್ರತಿ ಪೆಟ್ಟಿಗೆಯೂ ಧಾರವಾಡದ ನಿಯಂತ್ರಣ ಕೊಠಡಿಯ ಮಾತು ಕೇಳುವಂತಿತ್ತು. ಒಂದು ಆಜ್ಞೆ ಹೋದರೆ ಒಳಗಿನ ಹನಿ ಬೆಂದುಹೋಗುತ್ತದೆ. ಅಂಥ ಆಜ್ಞೆಯನ್ನು ಈವರೆಗೆ ಯಾರೂ ಕಳಿಸಿರಲಿಲ್ಲ. ಉಗುಳಿದ್ದನ್ನು ತಿರುಗಿ ಯಾರು ಕೇಳುತ್ತಾರೆ?

ಕೇಳಬೇಕಾದವಳಿಗೆ ಮೊದಲು ವಿಷಯ ತಿಳಿಯಬೇಕಿತ್ತು. ಮಂತ್ರಿಯ ಮುಂದೆ ಹೇಳು ಎಂದಿದ್ದರೆ ಮಂದಾಕಿನಿ ಹೇಳಿಬಿಡುತ್ತಿದ್ದಳು. ವೈನಿಯ ಮುಂದೆ ಹೇಳಬೇಕಾದಾಗ ದವಾಖಾನೆಯ ಮೆಟ್ಟಿಲ ಬುಡದಿಂದ ಎರಡು ಸಲ ತಿರುಗಿ ಬಂದಳು.

ಶನಿವಾರ ಮಧ್ಯಾಹ್ನ ಬನಪ್ಪ ಊಟಕ್ಕೆ ಹೋಗಿದ್ದ. ಮಂದಾಕಿನಿ ಮಂಚದ ಅಂಚಿಗೆ ಕೂತು, ಒಂದನ್ನೂ ಬಿಡದೆ ಹೇಳಿದಳು. ಬೇನೆಯ ಬಗ್ಗೆ, ಹನಿಯ ಬಗ್ಗೆ, ಗುಳಿಗೆಯ ಬಗ್ಗೆ, ಕೊಟ್ಟದ್ದನ್ನು ತಿರುಗಿ ಕೇಳಲು ಇರುವ ಫೋನ್ ಸಂಖ್ಯೆಯ ಬಗ್ಗೆ. ಮೂಲಹನಿ ಸರಿಯಿದ್ದಿದ್ದರೆ, ಚಮಚ ಬಂದ ಹೊಸತರಲ್ಲೇ ಮನೆಮಂದಿಗೆಲ್ಲ ಹಾಕಿ ನೋಡಿದಾಗ ವೈನಿಗೆ ಕೆಂಪು ಬರುತ್ತಿತ್ತು, ಎಡಗಡೆಯದನ್ನೂ ಉಳಿಸಿಕೊಳ್ಳಬಹುದಿತ್ತೋ ಏನೋ ಎಂಬುದನ್ನೂ ಹೇಳಿದಳು.

ವೈನಿ ತನ್ನ ಬೆರಳುಗಳನ್ನು ನೋಡಿಕೊಂಡಳು. ನೂಲಿನ ಗೆರೆಗಳು ಬಿದ್ದ ಬೆರಳುಗಳು.

"ಗುಳಿಗಿ ತಿಂದ ತಿಂಗಳ ಹೊಟ್ಟಿ ಹಗರ ಇರತಿತ್ತು," ಎಂದಳು. "ಅದಕ್ಕಽ ನನಗ ಹಬ್ಬ ಅಂದ್ರ ಬಾಳ ಸೇರತಿತ್ತು. ಮಂದಿ ಮನಿ ಹರಕಿ ಎಲ್ಲಾ ನನ್ನ ಮ್ಯಾಲ ಹಾಕ್ಕೋತಿದ್ದೆ. ಇವರು ಭಕ್ತಿ ಅಂದ್ರು. ನಾನೂ ಇದ್ದರ ಇರಲಿ ಅಂದೆ. ನನಗೇನ್ ಗೊತ್ತು, ಬನಶಂಕರಿ ನೋವು ತಗೀತಾಳ ಅಂದ್ಕೊಂಡಿದ್ದೆ."

ಮಂದಾಕಿನಿ ಜಾರಿದ ಹೊದಿಕೆಯನ್ನು ಅವಳ ಕಾಲ ಮೇಲೆ ಎಳೆದಳು.

"ಕೂಸಾಗಲಿ ಅಂತ ಹರಕಿ ಹೊತ್ತೆ. ಹರಕಿಗೆ ಅಂತ ಗುಳಿಗಿ ನುಂಗಿದೆ." ವೈನಿ ತಲೆಯೆತ್ತಿದಳು. "ಗುಳಿಗಿ ತಂದು ಕೊಡಾಕಿ ನೀನಽ ಇದ್ದಿ. ಯಾಕ ಬೇಕು ಇಷ್ಟು ಗುಳಿಗಿ ಅಂತ ಒಮ್ಮೆರ ಕೇಳಬಾರದಿತ್ತೇನು ಮಂದಾ? ಕಲ್ತಾಕಿ ನೀ."

"ಕೇಳಬೇಕಿತ್ತು ವೈನಿ."

"ಹೂಂ," ಎಂದು ವೈನಿ ಗೋಡೆಯ ಕಡೆ ಹೊರಳಿ ಮಲಗಿದಳು. ಹೋಗು ಅನ್ನಲಿಲ್ಲ, ಇರು ಅನ್ನಲಿಲ್ಲ. ಮಂದಾಕಿನಿ ಆ ಬೆನ್ನನ್ನೇ ನೋಡುತ್ತ ಕೂತಳು. ತಾನು ತರುವ ಪ್ರತಿ ಹಾಳೆಯನ್ನೂ ಎರಡೂ ಕೈ ಚಾಚಿ ಇಸಿದುಕೊಳ್ಳುತ್ತಿದ್ದ ವೈನಿ ನೆನಪಾದಳು. ಆ ಕೈಗಳಲ್ಲಿ ಎಂಥ ಆತುರ ಇರುತ್ತಿತ್ತು. ಸಂಶೋಧಕಿಯ ಕಣ್ಣಿಗೆ ಅದು ಬಿದ್ದಿರಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವಂಥದ್ದಾಗಿರಲಿಲ್ಲ ಅದು.

ಭಾನುವಾರ ಇಡೀ ವೈನಿ ಗಂಡನ ಜೊತೆ ಮಾತಾಡಿದಳು, ದಾದಿಯ ಜೊತೆ ಮಾತಾಡಿದಳು. ಮಂದಾಕಿನಿ ಕೊಟ್ಟ ನೀರನ್ನು ಕುಡಿಯದೆ ಪಕ್ಕಕ್ಕಿಟ್ಟಳು.

ಸೋಮವಾರ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ರಾಜ್ಯದ ನಕ್ಷೆ ಬೆಳಗುತ್ತಿತ್ತು. ತಾಲ್ಲೂಕಿಗೊಂದು ಚುಕ್ಕಿ. ಬೆಂಗಳೂರಿನ ವೇದಿಕೆಯಲ್ಲಿ ಹಾರ ತುರಾಯಿಗಳ ಕಾರ್ಯಕ್ರಮ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಇನಾಂದಾರರು ಹೊಸ ಕೋಟು ಹಾಕಿಕೊಂಡು ಕೂತಿದ್ದರು. ಮಂದಾಕಿನಿ ಹಿಂದಿನ ಸಾಲಿನಲ್ಲಿದ್ದಳು. ಅವಳ ಜೇಬಿನಲ್ಲಿ ರಾಜೀನಾಮೆ ಇತ್ತು. ಅದರಿಂದ ಒಂದು ಚುಕ್ಕಿಯೂ ಆರುವುದಿಲ್ಲವೆಂಬುದೂ ಅವಳಿಗೆ ತಿಳಿದಿತ್ತು.

ರುಕ್ಸಾನಾಳ ಮೇಜಿನ ಫೋನು ಬಡಿದುಕೊಂಡಿತು. ಮಾದರಿ ಕೊಟ್ಟವರಿಗೆಂದು ಇಟ್ಟ ಸಂಖ್ಯೆ. ಅದು ಬಡಿದದ್ದನ್ನು ಆ ಕೊಠಡಿಯಲ್ಲಿ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ರುಕ್ಸಾನಾ ಎತ್ತಿ, ಎಲ್ಲರಿಗೂ ಕೇಳುವಂತೆ ಧ್ವನಿ ತೆರೆದಳು.

"ನಾ ಕಸ್ತೂರಿ, ಬೆಟಗೇರಿಯಾಕಿ. ದವಾಖಾನ್ಯಾಗಿಂದ ಮಾತಾಡಾಕತ್ತೇನಿ. ನಿಮ್ಮ ಪೆಟಿಗ್ಯಾಗ ನಂದು ಉಗುಳು ಐತಂತಲ್ಲ?"

"ಐತ್ರಿ ಅಕ್ಕಾರ," ಎಂದಳು ರುಕ್ಸಾನಾ.

"ನನಗ ತಿರುಗಿ ಕೊಡ್ರಿ."

ಇನಾಂದಾರರು ಎದ್ದು ನಿಂತರು. ಫೋನಿನ ಕಡೆ ಬಾಗಿ ಮೃದುವಾಗಿ ಹೇಳಿದರು, "ತಾಯೀ, ಇದು ಲಕ್ಷಾಂತರ ಹೆಣ್ಣುಮಕ್ಕಳ ಒಳ್ಳೇದಕ್ಕ ಮಾಡಿದ್ದು. ನೀವು ದೊಡ್ಡ ಮನಸ್ಸಿನಿಂದ ಕೊಟ್ಟದ್ದು. ಇವತ್ತೊಂದು ದಿನ ಸುಮ್ಮನಿದ್ದರ..."

"ಸುಮ್ಮನಽ ಇದ್ನಲ್ರಿ ಇಷ್ಟು ವರ್ಷ. ಅದನ್ನಽ ನೀವು ಆರೋಗ್ಯ ಅಂತ ಬರಕೊಂಡ್ರಿ."

"ಹಂಗಲ್ಲ ತಾಯೀ..."

"ಒಲ್ಲೆ ಅಂದೆ."

ಕಾಯಿದೆಗೆ ಬೇಕಾದದ್ದು ಅಷ್ಟೇ. ರುಕ್ಸಾನಾ ಮಂದಾಕಿನಿಯ ಕಡೆ ನೋಡಲಿಲ್ಲ, ಇನಾಂದಾರರ ಕಡೆಯೂ ನೋಡಲಿಲ್ಲ. ಕೀಲಿಮಣೆಯ ಮೇಲೆ ಕೈಯಾಡಿಸಿದಳು. ಬೀದರಿನ ಕಡೆಯ ಚುಕ್ಕಿ ಆರಿತು. ಆಮೇಲೆ ಯಾದಗಿರಿ, ರಾಯಚೂರು, ಕೊಪ್ಪಳ. ದೀಪಗಳು ಮೇಲಿಂದ ಕೆಳಕ್ಕೆ ಆರುತ್ತ ಬಂದವು. ವೇದಿಕೆಯ ಮೇಲೆ ಮಂತ್ರಿಗಳು ಗುಂಡಿಯ ಮೇಲೆ ಬೆರಳಿಟ್ಟು, ಚಿತ್ರ ತೆಗೆಯುವವರಿಗಾಗಿ ನಗುತ್ತಿದ್ದರು.

ಗದ್ದಲದ ನಡುವೆ ಮಂದಾಕಿನಿ ಶೀತಕದ ಬಾಗಿಲು ತೆಗೆದಳು. ಕೊಟ್ಟವರು ಕೇಳಿದರೆ ಮೂಲ ಬಾಟಲಿಯನ್ನು ಅವರ ಕೈಗೇ ಒಪ್ಪಿಸಬೇಕು. ಅದನ್ನು ತೆಗೆದುಕೊಂಡು, ರಾಜೀನಾಮೆಯನ್ನು ಇನಾಂದಾರರ ಕುರ್ಚಿಯ ಮೇಲಿಟ್ಟು ಹೊರಟಳು. ಅವರು ಕುರ್ಚಿಯಲ್ಲಿರಲಿಲ್ಲ. ಫೋನು ಹಿಡಿದು ಹೊರಗಿನ ಅಂಗಳದಲ್ಲಿ ಯಾರಿಗೋ ಸರ್ ಸರ್ ಅನ್ನುತ್ತಿದ್ದರು.

ವಾರ್ಡಿಗೆ ಬಂದಾಗ ಬೆಟಗೇರಿಯಿಂದ ಗೌರವ್ವ ಬಂದಿದ್ದಳು. ಮರುದಿನ ಆಪರೇಶನ್ನು, ಇವತ್ತಾದರೂ ಮನೆಯ ಊಟ ಮಾಡಲಿ ಎಂದು ಸೊಸೆಗೆ ರೊಟ್ಟಿ, ಹೆಸರುಕಾಳಿನ ಪಲ್ಯ ಕಟ್ಟಿಕೊಂಡು ತಂದಿದ್ದಳು. ಡಬ್ಬಿ ಬಿಚ್ಚುತ್ತ ಗೊಣಗುತ್ತಿದ್ದಳು, "ದೇವರ ಕೆಲಸಕ್ಕ ತಿಂದ ಗುಳಿಗಿ ಎಲ್ಯಾರ ಕೇಡು ಮಾಡತೈತೇನು? ಏನೇನರ ಹೇಳತಾರ ಡಾಕ್ಟರು."

ಮಂದಾಕಿನಿ ಬಾಟಲಿಯನ್ನು ವೈನಿಯ ಅಂಗೈಗೆ ಇಟ್ಟಳು. ತಣ್ಣಗಿನ ಗಾಜು. ತಳದಲ್ಲಿ ಒಂದು ಹನಿ.

"ಇಷ್ಟಽ?" ವೈನಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದರಾಗ ಗುಳಿಗಿನೂ ಐತಿ, ಹೌದಿಲ್ಲೋ?"

"ಐತಿ ವೈನಿ."

"ಹಂಗಾರ ನಿಂದೂ ಪಾಲು ಐತಿ ಇದರಾಗ."

ಕ್ಷಮಿಸಿದೆ ಎಂಬ ಅರ್ಥ ಆ ಮಾತಿನಲ್ಲಿ ಇರಲಿಲ್ಲ. ಇದೆಯೇನೋ ಎಂದು ಮಂದಾಕಿನಿ ಹುಡುಕಲೂ ಇಲ್ಲ. ತಲೆ ತಗ್ಗಿಸಿ ಹೌದೆಂದಳು.

ವೈನಿ ಬಾಟಲಿಯನ್ನು ದಿಂಬಿನ ಕೆಳಗೆ ತಳ್ಳಿ ಕಾಲು ಮಡಚಿ ಕೂತಳು. "ಅವತ್ತ ಅಡಿಗಿಮನ್ಯಾಗ ಕೇಳಿದ್ದಿಯಲ್ಲ, ಅದನ್ನ ಮತ್ತ ಕೇಳು. ಹಂಗಽ ಕೇಳು, ಅತ್ತಿ ಮುಂದಽ."

ಗೌರವ್ವನ ಕೈ ಡಬ್ಬಿಯ ಮುಚ್ಚಳದ ಮೇಲೆ ನಿಂತಿತು.

"ವೈನಿ," ಎಂದಳು ಮಂದಾಕಿನಿ. "ತಿಂಗಳ ದಿನದಾಗ ನೋವು ಐತೇನು?"

"ಆಕಿಗೇನ್..." ಎಂದು ಗೌರವ್ವ ಬಾಯಿ ತೆರೆದಳು. ವೈನಿ ಅತ್ತೆಯ ಕಡೆ ನೋಡದೆ ಅಂಗೈ ಅಡ್ಡ ಹಿಡಿದಳು. ಮಗ್ಗದ ಮೇಲೆ ಎಳೆ ತುಂಡಾದಾಗ ಲಾಳಿಯನ್ನು ತಡೆಯುವ ಹಾಗೆ.

"ಮದಿವಿ ಆದ ಮೊದಲನೇ ಶ್ರಾವಣದಾಗ ಸುರು ಆತು," ಎಂದು ಅವಳು ಹೇಳತೊಡಗಿದಳು.

ಪಕ್ಕದ ಮಂಚದ ಹೆಂಗಸು ಈ ಕಡೆ ಹೊರಳಿ ಮೊಣಕೈ ಊರಿ ಎದ್ದಳು. ರೊಟ್ಟಿ ಆರಿತು. ಗೌರವ್ವ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು. ವೈನಿ ಇನ್ನೂ ಮೊದಲನೆಯ ವರ್ಷದಲ್ಲೇ ಇದ್ದಳು.